ಧಣಿ ಕ್ಷಮೆ ಕೇಳಿದರೆ ಚಂದ ಕಾಣ್ತದಾ?

ಜಿಂಜ್, ಬಹರೈನ್
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಬ್ಯಾಪ್ಟಿಸ್ಟ್ ಅಣ್ಣನಿಗೆ,

ನಿನಗೂ ಅತ್ತಿಗೆಗೂ ತಂಗಿ ಶಾಲೆಟಳ ನಮಸ್ಕಾರ, ಜೆಸಿಂತಾಳಿಗೆ ಮುತ್ತು. ನಿನ್ನ ಕಾಗದ ಬಂದು ಒಂದು ಮಳೆಗಾಲವೇ ಕಳೆಯಿತು. ಉತ್ತರ ಬರೆಯದೆ ಕೂತವಳನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೀಯೋ! ಬೈ, ತಪ್ಪಿಲ್ಲ. ನಡುನಡುವೆ ವಾಟ್ಸಾಪಿನಲ್ಲಿ ‘ಊಟ ಆಯ್ತಾ, ಮಳೆ ಉಂಟಾ’ ಎಂದು ಕೇಳಿದ್ದೇನೆ, ಅದೇನು ಮಾತಲ್ಲ. ವಾಯ್ಸ್ ಮೆಸೇಜ್ ಕಳಿಸೋಣವೆಂದರೆ ಅತ್ತಿಗೆ ಅದನ್ನು ಜೋರಾಗಿ ಹಾಕಿ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಾರೆ, ಅರ್ಧ ಕಾಲೊನಿಗೆ ಕೇಳುತ್ತದೆ. ಅದಕ್ಕೇ ಈ ಕಾಗದ. ನಮ್ಮ ಆಸ್ಪತ್ರೆಯ ಅಕೌಂಟ್ಸಿನ ಕಾಂತಾ ರಜೆಗೆ ಹೊರಟಿದ್ದಾಳೆ, ಊರಿಗೆ ಹೋಗಿ ಪೋಸ್ಟಿಗೆ ಹಾಕುತ್ತಾಳೆ.

ಜೆಸಿಂತಾಳ ಮದುವೆ ಜನವರಿಗೆ ನಿಶ್ಚಯವಾದದ್ದು ಓದಿ ಡ್ಯೂಟಿ ರೂಮಿನಲ್ಲಿ ಒಬ್ಬಳೇ ನಕ್ಕೆ. ಮೊನ್ನೆ ಮೊನ್ನೆ ಮೂಗು ಸುರಿಸಿಕೊಂಡು ನಿನ್ನ ರಿಕ್ಷಾದ ಹಿಂದೆ ಓಡುತ್ತಿದ್ದ ಹುಡುಗಿ! ನನ್ನ ಸೋನಲ್ ಮದುಮಗಳ ಪಕ್ಕದಲ್ಲಿ ಧೆಡಿಯಾಗಿ ನಿಲ್ಲಬೇಕು, ನೀವು ಗಂಡ ಹೆಂಡತಿ ಬಂದರೂ ಸರಿ ಬಿಟ್ಟರೂ ಸರಿ, ಮಗಳನ್ನು ಮಾತ್ರ ಕಳಿಸಲೇಬೇಕು ಎಂದು ಬರೆದಿದ್ದೀ. ಹದಿಮೂರು ವರ್ಷದ ಹುಡುಗಿ ಇವತ್ತಿನವರೆಗೆ ನಿನ್ನ ಮನೆಯ ಹೊಸ್ತಿಲು ದಾಟಿಲ್ಲ. ನಾವು ರಜೆಗೆ ಬಂದಾಗಲೆಲ್ಲ ನೀವೇ ಬಸ್ಸು ಹತ್ತಿ ಮಂಗಳೂರಿಗೆ ಬಂದು, ಐಸ್‌ಕ್ರೀಮ್ ಅಂಗಡಿಯಲ್ಲಿ ಕೂತು, ಅವಳ ಕೆನ್ನೆ ಮುಟ್ಟಿ ಹೋಗುವುದು. ಯಾಕೆ ಹೀಗೆ ಎಂದು ನೀನು ಒಂದು ದಿನವೂ ಕೇಳಲಿಲ್ಲ. ನಾವು ಕೊರಗರೆಂಬುದು ಇಲ್ಲಿ ಯಾರಿಗೂ ಗೊತ್ತಾಗಬಾರದು ಎಂಬುದೊಂದೇ ಅಗಸ್ಟಿನ್ ನನ್ನನ್ನು ಮದುವೆಯಾಗುವಾಗ ಹಾಕಿದ ಷರತ್ತು. ಮಂಗಳೂರಿನವರು ಸಿಕ್ಕಿದ ಕೂಡಲೇ ‘ನಿಮ್ಮದು ಯಾವ ಇಗರ್ಜಿ, ಯಾರ ಮನೆ’ ಎಂದು ಶುರು ಮಾಡುತ್ತಾರಲ್ಲ, ಆಗ ಇವರು ‘ಅವಳದ್ದು ಚಿಕ್ಕಮಗಳೂರು, ಎಸ್ಟೇಟ್ ಕಡೆ’ ಎಂದು ಮಾತು ನುಂಗಿಬಿಡುತ್ತಾರೆ. ನಮ್ಮಪ್ಪ ಕಾಫಿ ಗಿಡವನ್ನು ಕನಸಿನಲ್ಲೂ ಕಂಡವರಲ್ಲ.

ಸೋನಲಳನ್ನು ನಿನ್ನ ಮನೆಗೆ ಕರೆತರುವ ಮೊದಲು ಅವಳಿಗೆ ಎಲ್ಲವನ್ನೂ ಹೇಳಬೇಕಲ್ಲ. ಹೇಗೆ ಹೇಳುವುದು ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗಲೇ ಅವಳ ಶಾಲೆಯ ದೊಡ್ಡ ಪ್ರಹಸನ ಶುರುವಾಯಿತು. ಸಮಾಧಾನದಿಂದ ಓದು, ಮೊದಲಿನಿಂದ ಹೇಳುತ್ತೇನೆ.

ಈ ವರ್ಷ ಅವರ ಕಥೊಲಿಕ ಶಾಲೆಗೆ ಆಸ್ಟ್ರೇಲಿಯಾದಿಂದ ಸಿಸ್ಟರ್ ಮೋರೀನ್ ಎಂಬ ಹೊಸ ಪ್ರಿನ್ಸಿಪಾಲ್ ಬಂದಿದ್ದಾರೆ. ಒಳ್ಳೆಯ ಹೆಂಗಸೇ, ಒಳ್ಳೆಯತನವೇ ಅವರ ಕಾಯಿಲೆ. ಅವರ ದೇಶದಲ್ಲಿ ಬಿಳಿಯರು ಅಲ್ಲಿನ ಮೂಲದ ಅಬೊರಿಜಿನಲ್ ಜನರ ನೆಲ ಕಿತ್ತುಕೊಂಡರು. ಅದೂ ಸಾಲದೆ ಅವರ ಮಕ್ಕಳನ್ನು ತಾಯಂದಿರಿಂದ ಬಿಡಿಸಿ ಮಿಷನ್ನಿನವರ ಕೈಗೆ ಒಪ್ಪಿಸಿದರು, ತಮ್ಮ ಭಾಷೆ ಆಡಿದ ಮಕ್ಕಳಿಗೆ ಹೊಡೆತ. ಈಗ ಅಲ್ಲಿನ ಕಥೊಲಿಕ ಶಾಲೆಗಳೇ ಅದಕ್ಕೆ ತಲೆ ತಗ್ಗಿಸಿ, ಅಸೆಂಬ್ಲಿಯಲ್ಲಿ ‘ಈ ನೆಲ ಅವರದ್ದು’ ಎಂದು ನೆನೆದು, ಅವರ ಹಿರಿಯರನ್ನು ಕರೆಸಿ, ಸೊಪ್ಪಿನ ಹೊಗೆ ಹಾಕಿಸಿ, ಮಕ್ಕಳಿಗೆ ಅವರ ಚಿತ್ರ, ಕತೆ ಎಲ್ಲ ಕಲಿಸುತ್ತವಂತೆ. ಓದುವಾಗ ನಿನಗೆ ನಮ್ಮ ಹಾಸ್ಟೆಲ್ ನೆನಪಾಗಬಹುದು. ಬೇರೆ ಮಕ್ಕಳನ್ನೆಲ್ಲ ಬಿಟ್ಟು ನಮ್ಮ ತಲೆಗೆ ಮಾತ್ರ ಹೇನಿನ ನೆಪದಲ್ಲಿ ಸೀಮೆಎಣ್ಣೆ ಸುರಿಯುತ್ತಿದ್ದ ಮಿಷನ್ ಹಾಸ್ಟೆಲ್. ನನಗೂ ನೆನಪಾಯಿತು. ಸಿಸ್ಟರ್ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ ಅಣ್ಣ. ಕೇಳಿಸಿಕೊಂಡವರು ಯಾರು ಎಂಬುದರಲ್ಲಿತ್ತು ತಮಾಷೆ.

‘ಸಂಧಾನ ವಾರ ಆಚರಿಸುವ, ಒಂದೊಂದು ಊರಿನ ತಂದೆತಾಯಿಗಳು ತಮ್ಮ ನೆಲದ ಮೂಲಜನರನ್ನು ಗೌರವಿಸುವ ಒಂದು ಕಾರ್ಯಕ್ರಮ ಕೊಡಿ’ ಎಂದು ಸಿಸ್ಟರ್ ಆರ್ಡರ್ ಮಾಡಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಮ್ಮ ಮಂಗಳೂರು ಗುಂಪು. ಅದರ ಮುಂದಾಳು ಬೆನೆಡಿಕ್ಟಾ. ಅವಳ ಗಂಡನದ್ದು ಅದ್ಲಿಯಾದಲ್ಲಿ ರೆಸ್ಟೋರೆಂಟ್, ಅವಳದ್ದು ಊರ ಉಸಾಬರಿ. ಗ್ರೂಪಿನಲ್ಲಿ ಆ ಕ್ಷಣವೇ ಮೆಸೇಜ್ ಬಂತು: ‘ನಮ್ಮಲ್ಲಿ ಕೊರಗರು ಉಂಟಲ್ಲ! ಕೊರಗ ಡ್ಯಾನ್ಸ್ ಮಾಡಿಸುವ!’ ಕೆಳಗೆ ಚಪ್ಪಾಳೆಯ ಚಿತ್ರಗಳ ಸಾಲು. ನಮ್ಮವರು ಅವಳಿಗೆ ಎಂದಾದರೂ ‘ಉಂಟು’ ಅನ್ನಿಸಿದ್ದು ಅದೇ ಮೊದಲು.

ಮೀಟಿಂಗ್ ಅವಳ ಮನೆಯಲ್ಲಿ. ಪ್ಯಾಟೀಸ್, ಕೇಕ್, ಚಹಾ. ಮೈಗೆ ಕಪ್ಪು ಬಳಿಯುವುದು ಹೇಗೆ ಎಂದು ಅರ್ಧ ತಾಸು ಚರ್ಚೆ ನಡೆಯಿತು. ಬೂಟ್ ಪಾಲಿಶ್ ಹಚ್ಚುವ ಎಂದ ಒಬ್ಬ ಮಹಾಶಯ. ಬೆನೆಡಿಕ್ಟಾ ಹೌಹಾರಿ, “ಛೆ ಛೆ, ಮಕ್ಕಳ ಸ್ಕಿನ್ ಹಾಳಾಗ್ತದೆ ಮಾರಾಯ್ರೆ! ಚಾರ್ಕೋಲ್ ಫೇಸ್ ಪ್ಯಾಕ್ ತರುವ, ಆರ್ಗ್ಯಾನಿಕ್ ಸಿಗ್ತದೆ” ಎಂದಳು. ಆರ್ಗ್ಯಾನಿಕ್ ಕೊರಗರು! ಊರಿನಲ್ಲಿ ಈ ವೇಷ ಹಾಕಿದರೆ ಪೊಲೀಸ್ ಕೇಸು ಬೀಳುತ್ತದೆ ಎಂದು ನಾನು ಮೆಲ್ಲಗೆ ಹೇಳಿದೆ. “ಅದು ಅಲ್ಲಿ. ಇಲ್ಲಿ ನಾವು ಗೌರವಕ್ಕೆ ಮಾಡುದಲ್ವಾ?” ಎಂದಳು. ತಲೆಗಿಡುವ ಹಾಳೆಯ ಮುಟ್ಟಾಳೆಗೆ ಇಲ್ಲಿ ಅಡಿಕೆ ಹಾಳೆ ಎಲ್ಲಿಂದ ಬರಬೇಕು? ಪಿಜ್ಜಾ ಡಬ್ಬದ ರಟ್ಟಿನಲ್ಲಿ ಮಾಡಿದರು, ಒಳಗಡೆ ಇನ್ನೂ ಚೀಸ್ ಅಂಟಿತ್ತು.

ನಾಟಕದ ಕತೆ ಕೇಳು. ಕೊರಗರು ಡೋಲು ಬಡಿದು ಕುಣಿಯುತ್ತಾ ಧಣಿಯ ಮನೆಗೆ ಬರುತ್ತಾರೆ. ಧಣಿಯ ಹೆಂಡತಿ ದೂರದಿಂದ ಎಲೆಗೆ ಅನ್ನ ಎಸೆಯುತ್ತಾಳೆ. ಅವರು ಉಂಡು, ಅಡ್ಡಬಿದ್ದು, ‘ತಪ್ಪಾಯಿತು ಧಣಿ, ಕ್ಷಮಿಸಬೇಕು’ ಎನ್ನುತ್ತಾರೆ. ಧಣಿ ಅವರನ್ನು ಎಬ್ಬಿಸಿ ‘ನಾವೆಲ್ಲ ಒಬ್ಬನೇ ದೇವರ ಮಕ್ಕಳು’ ಎಂದು ತಬ್ಬಿಕೊಳ್ಳುತ್ತಾನೆ. ಪರದೆ.

ನನಗೆ ತಡೆಯಲಾಗಲಿಲ್ಲ. “ಕೊರಗರು ಮಾಡಿದ ತಪ್ಪೇನು? ಅವರು ಯಾಕೆ ಕ್ಷಮೆ ಕೇಳುದು?” ಎಂದೆ.

ಬೆನೆಡಿಕ್ಟಾ ನನ್ನ ಕಡೆಗೆ ಅನುಕಂಪದಿಂದ ನೋಡಿದಳು, ಮಂದಬುದ್ಧಿಯ ಮಗುವನ್ನು ನೋಡಿದ ಹಾಗೆ. “ಸಂಧಾನದ ಪ್ರೋಗ್ರಾಂ ಅಲ್ವಾ ಮಾರಾಯ್ತಿ, ಯಾರಾದ್ರೂ ಒಬ್ರು ಕ್ಷಮೆ ಕೇಳ್ಬೇಕಲ್ಲ. ಧಣಿ ಕೇಳಿದ್ರೆ ಚಂದ ಕಾಣ್ತದಾ?”

ಸುತ್ತ ಕೂತವರೆಲ್ಲ ಹೌದೆಂದು ತಲೆಯಾಡಿಸಿದರು. ಚಂದ ಕಾಣುವುದಿಲ್ಲವಂತೆ. ಆಮೇಲೆ ಪಾತ್ರ ಹಂಚಿದರು. ಧಣಿಯ ಹೆಂಡತಿ ನಮ್ಮ ಸೋನಲ್! ಬಣ್ಣ ಬಿಳಿ, ಮೂಗು ಅಪ್ಪನ ಹಾಗೆ ನೀಟ, ‘ನೋಡಿದ್ರೆ ಗೊತ್ತಾಗ್ತದೆ ದೊಡ್ಡ ಮನೆಯ ಹುಡುಗಿ ಅಂತ’ ಎಂದು ಬೆನೆಡಿಕ್ಟಾಳ ಸರ್ಟಿಫಿಕೇಟು. ಅವಳ ಬಾಯಿಯಲ್ಲಿ ಪ್ಯಾಟೀಸ್ ಇತ್ತು, ನನ್ನ ಬಾಯಿಯಲ್ಲೂ ಇತ್ತು. ನಾನು ನುಂಗಿದೆ.

ಮನೆಗೆ ಬಂದು ಅಗಸ್ಟಿನ್‌ಗೆ ಹೇಳಿದರೆ, “ಒಂದು ವಾರದ ವಿಷಯ ಶಾಲೆಟ್. ಬಾಯಿ ಮುಚ್ಚಿಕೊಂಡಿದ್ರೆ ಮುಗೀತು. ಸುಮ್ಮನೆ ಕೆಸರಿಗೆ ಕಲ್ಲು ಹಾಕುದು ಯಾಕೆ?” ಎಂದರು. ಕೆಸರು ಎಂದು ನನ್ನನ್ನೇ ಹೇಳಿದ ಹಾಗಾಯಿತೆಂಬುದು ಅವರ ತಲೆಗೆ ಹೊಳೆಯಲೇ ಇಲ್ಲ. ಕೆಟ್ಟವರಲ್ಲ, ನಿನಗೆ ಗೊತ್ತು. ಜ್ವರ ಬಂದರೆ ಕಾಲು ಒತ್ತುತ್ತಾರೆ, ಪಾತ್ರೆ ತೊಳೆಯುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಷ್ಟೇ ಅವರ ಧರ್ಮ. ನನಗೆ ಆವತ್ತು ಅವರನ್ನು ನೋಡಿ ಸಿಟ್ಟು ಕೂಡ ಬರಲಿಲ್ಲ, ಹೇಸಿಗೆಯಾಯಿತು.

ಮಾರನೆಯ ದಿನ ಸಂಜೆ ನಾನು ಒಗ್ಗರಣೆ ಹಾಕುತ್ತಿದ್ದೆ. ಸೋನಲ್ ನನ್ನ ಸೀರೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದಳು. ಕೈಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಕನ್ನಡ ಮಾತುಗಳು. “ಮಮ್ಮಾ, ನನ್ನ ಕನ್ನಡ ಕರೆಕ್ಟ್ ಉಂಟಾ ನೋಡು” ಎಂದಳು. ಗಲ್ಲ ಎತ್ತಿ, ನನ್ನ ಕಡೆ ಕೈ ಬೀಸಿ, “ದೂರ ನಿಲು! ನೆರಳು ಬೀಳ್ತದೆ!” ಎಂದಳು. ನನ್ನ ಬಾಯಿಂದ ತಾನಾಗಿಯೇ ಬಂತು, “ನಿಲು ಅಲ್ಲ ಮಗಾ, ನಿಲ್ಲು. ಒತ್ತಿ ಹೇಳ್ಬೇಕು.” ಅವಳು ಒತ್ತಿ ಹೇಳಿದಳು. ಎಷ್ಟು ಚೆನ್ನಾಗಿ ಹೇಳಿದಳೆಂದರೆ ಅಣ್ಣ, ನಮ್ಮ ಅಮ್ಮ ಯಾರ ಅಂಗಳದಲ್ಲಿ ನಿಂತು ಅದನ್ನು ಕೇಳಿದ್ದರೋ ಆ ಧ್ವನಿಯೇ ಬಂದ ಹಾಗಾಯಿತು.

ಒಲೆ ಆರಿಸಿದೆ. ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ನಾವು ಯಾರು, ಅಪ್ಪ ಬುಟ್ಟಿ ಹೆಣೆಯುತ್ತಿದ್ದದ್ದು, ಅಮ್ಮ ಆ ಮಾತು ಕೇಳುತ್ತಲೇ ಮುದುಕಿಯಾದದ್ದು, ಐಸ್‌ಕ್ರೀಮ್ ಅಂಗಡಿಯಲ್ಲಿ ಸಿಗುವ ಮಾವನ ಮನೆ ಎಲ್ಲಿದೆ ಎಂಬುದು. ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಕೊನೆಗೆ ಒಂದೇ ಒಂದು ಕೇಳಿದಳು: “ಪಪ್ಪನಿಗೆ ಗೊತ್ತುಂಟಾ?”

“ಗೊತ್ತುಂಟು” ಎಂದೆ. ಸೀರೆ ಮಡಚಿಟ್ಟು ಕೋಣೆಗೆ ಹೋದಳು. ಅತ್ತು ರಂಪ ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಇನ್ನು ಬಾಯಿ ಮುಚ್ಚಿ ಏನು ಉಳಿಸುವುದಿತ್ತು? ನೇರ ಪ್ರಿನ್ಸಿಪಾಲರ ಹತ್ತಿರ ಹೋಗಿ, ನೀವು ಗೌರವಿಸಲು ಹೊರಟ ಜನ ನಾನೇ, ಆ ನಾಟಕ ನಿಲ್ಲಿಸಿ ಎಂದೆ. ಸಿಸ್ಟರ್ ಮೋರೀನ್ ಎರಡೂ ಕೈಯಿಂದ ನನ್ನ ಕೈ ಹಿಡಿದು ಗಳಗಳ ಅತ್ತರು. ನಾಟಕ ಆಗಲೇ ರದ್ದಾಯಿತು, ಅಷ್ಟು ಒಪ್ಪುತ್ತೇನೆ. ಆದರೆ ಕಣ್ಣೊರೆಸಿಕೊಂಡು ಅವರು ಏನೆಂದರು ಗೊತ್ತಾ? ನಾನು ಆ ದಿನದ ‘ಹಿರಿಯಳು’ ಆಗಿ ವೇದಿಕೆಗೆ ಬಂದು ಎರಡು ಮಾತಾಡಬೇಕಂತೆ, ಕೊನೆಗೆ ‘ನಿಮ್ಮನ್ನೆಲ್ಲ ಕ್ಷಮಿಸಿದ್ದೇನೆ’ ಎಂದುಬಿಡಬೇಕಂತೆ. ಮಕ್ಕಳಿಗೆ ಅದರಿಂದ ಗಾಯ ವಾಸಿಯಾಗುವ ಪಾಠ ಸಿಗುತ್ತದಂತೆ. ಗಾಯ ಯಾರದ್ದು, ಪಾಠ ಯಾರಿಗೆ! ನಲವತ್ಮೂರಕ್ಕೇ ಹಿರಿಯಳಾದೆ ನೋಡು, ಅಮ್ಮ ಎಪ್ಪತ್ತಾದರೂ ಆ ಅಂಗಳಗಳಲ್ಲಿ ‘ಏಯ್’ ಆಗಿಯೇ ಉಳಿದರು.

ಸುದ್ದಿ ಗ್ರೂಪಿಗೆ ಮುಟ್ಟಿತು. ಬೆನೆಡಿಕ್ಟಾ ಫೋನ್ ಮಾಡಿ, “ಅಯ್ಯೋ ದೇವರೇ, ನಮಗೆ ಗೊತ್ತೇ ಇರ್ಲಿಲ್ಲ ಶಾಲೆಟ್! ನೀನು ನೋಡ್ಲಿಕ್ಕೆ ಹಾಗೆ ಕಾಣುದೇ ಇಲ್ಲ!” ಎಂದಳು. ಹೊಗಳಿಕೆ ಅದು. ಥ್ಯಾಂಕ್ಸ್ ಹೇಳುತ್ತೇನೆಂದು ಕಾದಳು ಕೂಡ.

ಕಾರ್ಯಕ್ರಮದ ದಿನ ಸಿಸ್ಟರ್ ತಮ್ಮೂರಿನ ಕ್ರಮದಂತೆ ಹೊಗೆ ಹಾಕಲು ನೀಲಗಿರಿ ಸೊಪ್ಪಿಗೆ ಬೆಂಕಿ ಕೊಟ್ಟರು. ಎಸಿ ಹಾಲ್, ಕಿಟಕಿಗಳೆಲ್ಲ ಮುಚ್ಚಿವೆ. ಫೈರ್ ಅಲಾರಂ ಕಿರುಚಿಕೊಂಡಿತು. ಶಾಲೆಯ ಗಾರ್ಡ್ ಫೈಝಲ್ “ಯಾ ಅಲ್ಲಾ! ಬರ‍್ರಾ, ಬರ‍್ರಾ!” ಎಂದು ಅರಬಿಯಲ್ಲಿ ಕೂಗುತ್ತಾ ಓಡಿಬಂದು ಎಲ್ಲರನ್ನೂ ಹೊರಗೆ ಅಟ್ಟಿದ. ಜೂನ್ ತಿಂಗಳ ಬಿಸಿಲು, ಹೊರಗೆ ನಿಂತ ಪುಟ್ಟ ಮಕ್ಕಳ ಮುಖವೆಲ್ಲ ಕೆಂಪು. ಪುನಃ ಒಳಗೆ ಕೂರಿಸುವಷ್ಟರಲ್ಲಿ ಅರ್ಧ ಜನ ಫೋನ್ ನೋಡತೊಡಗಿದ್ದರು.

ನಾನು ಮಾತಾಡಿದೆ. ಸೀಮಂತದ ಊಟದಲ್ಲಿ ಉಗುರು, ಕೂದಲು ಕಲಸಿ, ಬಸುರಿಯ ಕೆಡುಕೆಲ್ಲ ಇವರಿಗೆ ಹೋಗಲಿ ಎಂದು ನಮ್ಮವರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ಹೇಳಿದೆ. ಅದು ಹಿಂದೂಗಳ ಮನೆಯ ಕತೆ ಎಂದು ಮುಂದಿನ ಸಾಲಿನವರು ನಿಟ್ಟುಸಿರು ಬಿಡುವುದು ಕಂಡಿತು. ಆಗ, ಶಿಲುಬೆ ತೂಗುಹಾಕಿದ ಮನೆಗಳ ಹಿತ್ತಿಲಲ್ಲಿ ನಮಗೆ ಚಹಾಕ್ಕೆಂದು ಬೇರೆಯೇ ಇಟ್ಟಿದ್ದ ತೆಂಗಿನ ಗೆರಟೆಯ ವಿಷಯವನ್ನೂ ಹೇಳಿದೆ. ನಿಟ್ಟುಸಿರು ಅಲ್ಲಿಗೇ ನಿಂತಿತು. ಕ್ಷಮಿಸಿದ್ದೇನೆ ಎಂಬ ಮಾತು ಮಾತ್ರ ನನ್ನ ಬಾಯಿಂದ ಬರಲಿಲ್ಲ. ಸಿಸ್ಟರ್ ಕಾದರು, ಮೆಲ್ಲಗೆ ಕೆಮ್ಮಿದರು, ಕೊನೆಗೆ ತಾವೇ ಮೈಕ್ ಹಿಡಿದು ‘ಶಾಲೆಟ್ ನಮ್ಮನ್ನೆಲ್ಲ ಕ್ಷಮಿಸಿದ್ದಾರೆ’ ಎಂದು ಘೋಷಿಸಿಬಿಟ್ಟರು. ಭರ್ಜರಿ ಚಪ್ಪಾಳೆ. ಬೆನೆಡಿಕ್ಟಾ ವೇದಿಕೆಗೆ ಬಂದು ಮೊಬೈಲ್ ನೋಡಿಕೊಂಡು ಇಂಗ್ಲಿಷಿನಲ್ಲಿ ಸಾರಿ ಓದಿದಳು, ಗಾಳಿಗೆ ಮುತ್ತು ಕೊಟ್ಟಳು, ಹಣ್ಣು ತುಂಬಿದ ಬೆತ್ತದ ಬುಟ್ಟಿ ಕೊಟ್ಟಳು. ಬುಟ್ಟಿ! ನಮಗೆ! ಎಲ್ಲಿಯೋ ಮೆಶಿನ್ನಿನಲ್ಲಿ ಮಾಡಿದ್ದು, ಹಿಡಿ ಅಲ್ಲೇ ಕಿತ್ತುಬಂತು. ಅಪ್ಪ ನೋಡಿದ್ದರೆ ಆ ಹೆಣಿಗೆಗೆ ಉಗಿಯುತ್ತಿದ್ದರು.

ಅಗಸ್ಟಿನ್ ಬಂದಿದ್ದರು, ಹಿಂದಿನ ಸಾಲಿನಲ್ಲಿ. ಸೋನಲ್ ಅವಳ ಕ್ಲಾಸಿನವರ ನಡುವೆ ಇದ್ದಳು. ಚಪ್ಪಾಳೆ ತಟ್ಟಿದಳೋ ಇಲ್ಲವೋ, ಲೈಟು ಕಣ್ಣಿಗೆ ಹೊಡೆಯುತ್ತಿತ್ತು, ಕಾಣಲಿಲ್ಲ.

ಇದಾದ ಮೇಲೆ ಸಂಧಾನ ಹೇಗೆ ನಡೆಯುತ್ತಿದೆ ಎಂದು ಕೇಳುತ್ತೀಯಾ? ಮೊನ್ನೆ ಹೊಸ ತೆನೆಯ ಮೊಂತಿ ಹಬ್ಬ ಆಯಿತಲ್ಲ. ಪ್ರತಿ ವರ್ಷ ಇಲ್ಲಿನ ಹಬ್ಬದೂಟಕ್ಕೆ ಪತ್ರೊಡೆ ನನ್ನದೇ. ಕೆಸುವಿನ ಎಲೆ ಬಂದಿದೆಯಾ ಎಂದು ಅಂಗಡಿಗೆ ನನಗಿಂತ ಮೊದಲು ಗ್ರೂಪಿನವರೇ ಫೋನ್ ಮಾಡುತ್ತಿದ್ದರು, ತಳ ಹಿಡಿದದ್ದಕ್ಕೂ ಜಗಳಾಡುತ್ತಿದ್ದರು. ಈ ಸಲ ಬೆನೆಡಿಕ್ಟಾಳ ಜೇನಿನಂಥ ವಾಯ್ಸ್ ಮೆಸೇಜ್: “ನೀನು ಡ್ಯೂಟಿ ಮಾಡಿ ಸುಸ್ತಾಗಿರ್ತಿ ಶಾಲೆಟ್, ಈ ವರ್ಷ ರೆಸ್ಟ್ ತಗೋ. ಪತ್ರೊಡೆ ಹೊರಗೆ ಆರ್ಡರ್ ಮಾಡಿದ್ದೇವೆ.” ಇಷ್ಟು ವರ್ಷ ನನಗೆ ಸುಸ್ತೇ ಆಗಿರಲಿಲ್ಲ ನೋಡು! ಹೋಗಿ ಊಟಕ್ಕೆ ಕೂತೆ. ಆ ಪತ್ರೊಡೆ ಹಸಿಹಸಿ ಇತ್ತು, ಎಲ್ಲರ ನಾಲಿಗೆ ತುರಿಸುತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ನನ್ನೆದುರು ಹೇಗೆ ಹೇಳಿಯಾರು? ನೀರು ಕುಡಿಯುತ್ತಾ ‘ಲಾಯ್ಕುಂಟು, ಲಾಯ್ಕುಂಟು’ ಎನ್ನುತ್ತಿದ್ದರು. ನನಗೆ ಇವರ ಮೇಲೆ ಬೇಸರವಿಲ್ಲ ಅಣ್ಣ. ಬೇಸರ ಮಾಡಿಕೊಳ್ಳಲು ಎದುರಿನವರು ಮನುಷ್ಯರಾಗಿ ಒಂದು ತೂಕಕ್ಕಾದರೂ ಬರಬೇಕು.

ಸಿಹಿ ಸುದ್ದಿಯೂ ಇದೆ. ಅಗಸ್ಟಿನ್ ತಾವಾಗಿಯೇ ಟಿಕೆಟಿನ ರೇಟು ನೋಡುತ್ತಿದ್ದಾರೆ. ‘ಈಗ ಎಲ್ಲರಿಗೂ ಗೊತ್ತಾಯ್ತಲ್ಲ, ಇನ್ನೆಂತ’ ಎಂದು ಮಹಾತ್ಯಾಗಿಯ ಮುಖ ಮಾಡಿಕೊಂಡು ಹೇಳಿದರು. ಇರಲಿ, ಆ ಮುಖವನ್ನು ಹೊತ್ತುಕೊಂಡಾದರೂ ನಿನ್ನ ಅಂಗಳಕ್ಕೆ ಬರಲಿ. ಮದುವೆಗೆ ಹಿಂದಿನ ವಾರ ಮೂವರೂ ಬರುತ್ತೇವೆ, ನಿನ್ನ ಮನೆಯಲ್ಲೇ ಇಳಿಯುತ್ತೇವೆ. ಮದುವೆಯ ಮುನ್ನಾದಿನ ರೋಸ್ ಶಾಸ್ತ್ರದಲ್ಲಿ ಜೆಸಿಂತಾಳ ತಲೆಗೆ ತೆಂಗಿನ ಹಾಲು ಹಚ್ಚುವಾಗ ಅತ್ತೆಯ ಕೈ ಮೊದಲು, ಹೇಳಿರು. ಅವಳಿಗೆ ನನ್ನ ತುಂಬು ಆಶೀರ್ವಾದ. ಅವಳು ಕಾಲಿಟ್ಟ ಮನೆಯಲ್ಲಿ ಅವಳಿಗೆ ಯಾರೂ ‘ದೂರ ನಿಲ್ಲು’ ಎನ್ನದಿರಲಿ. ಅತ್ತಿಗೆ ಮೊಣಕಾಲಿನ ಮಾತ್ರೆಯನ್ನು ಊಟದ ಮೇಲೆ ತೆಗೆದುಕೊಳ್ಳಲಿ, ಖಾಲಿ ಹೊಟ್ಟೆಗೆ ಬೇಡ. ನಿನ್ನ ಬೀಡಿಯ ವಿಷಯ ಬರೆದರೆ ನೀನು ಕೇಳುವವನಲ್ಲ.

ನಿನ್ನ ತಂಗಿ,
ಶಾಲೆಟ್

ತಾ.ಕ.: ಕಾಗದ ಮಡಚಿದ ಮೇಲೆ ಬರೆಯುತ್ತಿದ್ದೇನೆ. ಇದನ್ನು ಬರೆಯದೆ ಕಳಿಸೋಣವೆಂದಿದ್ದೆ, ಆಗಲಿಲ್ಲ. ನಿನ್ನೆ ಸೋನಲಳ ಹತ್ತಿರ ಧೆಡಿಯಾಗಿ ನಿಲ್ಲುವ ಮಾತು ತೆಗೆದೆ. ಖುಷಿಯಿಂದಲೇ ಫೋನಿನಲ್ಲಿ ಫ್ರಾಕಿನ ಡಿಸೈನ್ ಹುಡುಕಿದಳು. ಆಮೇಲೆ ತಲೆ ಎತ್ತದೆ ಹೇಳಿದಳು, “ಬರ್ತೇನೆ ಮಮ್ಮಾ, ಶ್ಯೂರ್. ಬಟ್ ನನ್ನ ಫೋಟೋ ಯಾರೂ ಎಲ್ಲಿಯೂ ಹಾಕ್ಬಾರ್ದು. ಜೆಸಿಂತಾಗೂ ಹೇಳು. ಕ್ಲಾಸಿನವ್ರು ನೋಡಿದ್ರೆ ಪುನಃ ಶುರು ಮಾಡ್ತಾರೆ.” ಶಾಲೆಯಲ್ಲಿ ಅವಳಿಗೆ ಏನು ಶುರು ಮಾಡಿದ್ದರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅಷ್ಟು ದೊಡ್ಡ ಹಾಲಿನ ಮುಖಕ್ಕೆ ಹೊಡೆದ ಹಾಗೆ ಮಾತಾಡಿದ ನಿನ್ನ ತಂಗಿ ‘ಆಯ್ತು ಮಗಾ’ ಎಂದಳು. ಫೋಟೋಗ್ರಾಫರನಿಗೂ ಹೇಳಿಡುತ್ತೇನೆ ಎಂದಳು. ಬೆನೆಡಿಕ್ಟಾಳನ್ನು ಇಷ್ಟು ಪುಟ ಬೈದೆನಲ್ಲ, ಆ ಕ್ಷಣ ನನ್ನ ಮೇಲೆ ನನಗೆ ಬಂದ ಹೇಸಿಗೆ ಅವಳ ಮೇಲೂ ಬಂದಿರಲಿಲ್ಲ.

ನನಗೆ ಅವಳಿಗೆ ಬೇಡ ಎನ್ನಲಾಗಲಿಲ್ಲ ಅಣ್ಣ. ನೀನು ಅನ್ನು. ‘ಮುಖ ಮುಚ್ಚಿಕೊಂಡು ಬರುವವರು ನನ್ನ ಮಗಳ ಪಕ್ಕ ನಿಲ್ಲುವುದು ಬೇಡ’ ಎಂದು ಬರೆ. ಅವಳ ಹೆಸರಿಗೇ ಬರೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ನಾನೇ ಓದಿ ಹೇಳುತ್ತೇನೆ.